ತುಂಬು ಬಿಡಿಸಿದ ಕಾಯಿ

ಆಗೆಲ್ಲ ನಮ್ಮ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂತೆಂದರೆ, ಕಣ್ಣೀರು ಹಾಕುವವರನ್ನು ಯಾರೂ ಯಾಕೆಂದು ಕೇಳುತ್ತಿರಲಿಲ್ಲ. ಸಾಲಿಯಲ್ಲಿ ಮಾಸ್ತರರೂ ಕೆಮ್ಮುತ್ತಲೇ ಮಗ್ಗಿ ಹೇಳಿಸುತ್ತಿದ್ದರು. ಓಣಿಯ ಹೆಂಗಸರು ಮಾರುಕಟ್ಟೆಯ ಅಂಗಡಿಯಿಂದ ಚೀಲ ತರಿಸಿ, ಪಡಸಾಲೆಯಲ್ಲಿ ಸುರುವಿ, ಕೂಲಿಗೆ ಕಾಯಿಯ ತೊಟ್ಟು ಮುರಿಯುತ್ತಿದ್ದರು. ಅದಕ್ಕೆ ತುಂಬು ಬಿಡಿಸುವುದು ಎನ್ನುತ್ತೇವೆ. ಸಂಜೆ ಉರಿಯುವ ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಂಡೇ ರೊಟ್ಟಿ ಬಡಿಯಲು ಏಳುತ್ತಿದ್ದರು.

ಅವ್ವನ ಎದುರಿಗೆ ಕೂಡುತ್ತಿದ್ದವಳು ಪಕ್ಕದ ಮನೆಯ ಗಂಗಕ್ಕ. ಅವ್ವನ ಕಣ್ಣು ದಿನವಿಡೀ ಒದ್ದೆ.

“ಏನ ಸುಮಿತ್ರಾ, ಊರಾನ ಘಾಟೆಲ್ಲ ನಿನಗ ಹತ್ತತೈತೇನ? ಕಾಯಿ ತೊಯ್ದ ತೂಕ ಹೆಚ್ಚಾಗತೈತಿ, ನೋಡ!”

ಹೀಗೆ ಗಂಗಕ್ಕ ನಗಿಸಿದರೆ ಅವ್ವನೂ ಸೆರಗಿನಿಂದ ಮುಖ ಒರೆಸಿಕೊಂಡು ನಗುತ್ತಿದ್ದಳು.

ನಾನಾಗ ನಾಲ್ಕನೆಯ ಇಯತ್ತೆ. ಒಂದು ಅಮಾವಾಸ್ಯೆ, ಮಾರುಕಟ್ಟೆಗೆ ಸೂಟಿ. ಸಾಲಿಯಿಂದ ಬಂದರೆ ಮನೆಯಲ್ಲಿ ಒಂದು ಕಾಯಿಯೂ ಇಲ್ಲ, ಒಲೆ ಹೊತ್ತಿಲ್ಲ. ಬೆಳಿಗ್ಗೆ ನನಗೆ ಹೆರಳು ಹಾಕಿದ ಬಾಚಣಿಕೆ ಬಿದ್ದಲ್ಲೇ ಬಿದ್ದಿತ್ತು. ಅವ್ವ ಬರಿಯ ಗೋಣಿತಟ್ಟಿನ ಮೇಲೆ ಕುಳಿತು ಅಳುತ್ತಿದ್ದಳು.

“ಏನಾಗೇತಿ ಬೇ?”

“ಮೈ ಭಾರ ಆಗೇತಿ, ಏಳಾಕ ಆಗವಲ್ದು. ಯಾಕ ಅಂತ ನನಗೂ ತಿಳಿವಲ್ದು. ನಿಮ್ಮಜ್ಜಿ ಮುಂದ ಹೇಳಬ್ಯಾಡ. ಹುಚ್ಚ ಹಿಡದೈತಿ ಅಂತಾರ.”

ಹಲಗೇರಿಗೆ ಹೋಗಿದ್ದ ಅಜ್ಜಿ ಬರುವ ಹೊತ್ತಾಗಿತ್ತು. ನನ್ನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಬಾಗಿಲಿಗೆ ಹೋದೆ, ಬಂದೆ, ಮತ್ತೆ ಹೋದೆ. ಕೊನೆಗೆ ಅಡುಗೆಮನೆಯ ಡಬ್ಬಿಯಿಂದ ಎರಡು ಬೊಗಸೆ ಕಾಯಿ ತಂದು ಅವ್ವನ ಮುಂದೆ ಹರಡಿದೆ.

“ಸೂಟಿ ದಿನಾನೂ ಬಿಡಾಂಗಿಲ್ಲೇನ ಇಕಿ?” ಎನ್ನುತ್ತ ಅಜ್ಜಿ ಒಳಗೆ ಹೋದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು. ನಾನು ಗೆದ್ದೆ ಅಂದುಕೊಂಡೆ.

ಅಂದಿನಿಂದ ಅದೇ ನನ್ನ ಕೆಲಸವಾಯಿತು. ಸಾಲಿಯಲ್ಲಿ ಕುಳಿತರೂ ಜೀವ ಮನೆಯಲ್ಲಿ. ನೀರು ಕುಡಿಯುವ ನೆಪ ಹೇಳಿ ಓಡಿ ಬಂದು ಕಿಟಕಿಯಲ್ಲಿ ಇಣುಕುತ್ತಿದ್ದೆ. ಅಳುತ್ತಿದ್ದರೆ ಕಾಯಿ ಹರಡಿ, ಮತ್ತೆ ಓಡುತ್ತಿದ್ದೆ. ಹೀಗೇ ನಾಲ್ಕು ತಿಂಗಳು ಕಳೆದು, ಸುಗ್ಗಿ ಮುಗಿದು ಬಿಸಿಲು ಬಲಿಯಿತು. ಅವ್ವನ ಬಳೆ ಮೊಣಕೈವರೆಗೂ ಜಾರತೊಡಗಿದವು.

ಒಂದು ಮಧ್ಯಾಹ್ನ ಹೆಪ್ಪು ಕೇಳಲು ಬಂದ ಗಂಗಕ್ಕ, ಕೆಳಗಿದ್ದ ಕಾಯೊಂದನ್ನು ಎತ್ತಿ ತಿರುವಿ ನೋಡಿದಳು. ಇನ್ನೊಂದನ್ನೂ ನೋಡಿದಳು.

“ಇವಕ್ಕ ತುಂಬು ಎಲ್ಲೈತಿ? ಬಿಡಿಸಿದ್ದನ್ನ ಏನ ಬಿಡಸಾಕತ್ತೀದಿ?”

ಡಬ್ಬಿಯಲ್ಲಿ ಇದ್ದವೆಲ್ಲ ತೊಟ್ಟು ಮುರಿದಿಟ್ಟ ಕಾಯಿ. ಅಷ್ಟು ದಿನ ನನಗದು ಹೊಳೆದೇ ಇರಲಿಲ್ಲ. ಗಂಗಕ್ಕ ಈ ಸಲ ನಗಿಸಲಿಲ್ಲ, ಎದುರಿಗೆ ಕುಳಿತಳು.

“ಎಷ್ಟ ದಿನಾತು ತಂಗೀ?”

“ಇಕಿ ಹುಟ್ಟಿದಾಗಿಂದ ಐತಿ ಅಕ್ಕಾ. ಬರತೈತಿ, ಹೋಗತೈತಿ. ಈ ಸಲ ಹೋಗವಲ್ದು.”

ಡಾಕ್ಟರಿಗೆ ತೋರಿಸಲು ಅಪ್ಪನನ್ನು ಒಪ್ಪಿಸಿದವಳೂ ಗಂಗಕ್ಕನೇ. ನಾವೆಲ್ಲ ರೈಲಿನಲ್ಲಿ ರಾಣೆಬೆನ್ನೂರಿಗೆ ಹೋದೆವು. “ಸಕ್ಕರಿ ಬ್ಯಾನಿ ಇದ್ದಂಗ ಇದೂ ಒಂದು ಬ್ಯಾನಿರಿ. ಒಮ್ಮಿಗೇ ಹೋಗತೈತಿ ಅನ್ನಾಂಗಿಲ್ಲ. ಗುಳಿಗಿ ಬಿಡಬ್ಯಾಡ್ರಿ, ತೋರಸಾಕ ಬರಕೋತ ಇರ್ರಿ,” ಎಂದರು ಡಾಕ್ಟರು.

“ಅಳೂದಕ್ಕೂ ಗುಳಿಗೀನ?” ಎಂದು ಅಜ್ಜಿ ಗೊಣಗಿದಳು. ಆದರೆ ದಿನಾ ಸಂಜೆ ನೀರಿನ ತಂಬಿಗೆ ತಂದಿಡುತ್ತಿದ್ದವಳು ಅವಳೇ.

ಈಗ ಅವ್ವ ಹಾವೇರಿಯಲ್ಲಿ ನನ್ನ ಜೊತೆಗಿದ್ದಾಳೆ. ಕೆಲವು ತಿಂಗಳು ಚೆನ್ನಾಗಿರುತ್ತಾಳೆ, ಕೆಲವು ತಿಂಗಳು ಇಲ್ಲ. ನಮ್ಮಲ್ಲಿಗೆ ಖಾರದ ಪುಡಿ ಪಾಕೀಟಿನಲ್ಲಿ ಬರುತ್ತದೆ. ಗಂಗಕ್ಕ ಇಲ್ಲ. ಎದುರಿಗೆ ದಿನಗಟ್ಟಲೆ ಕುಳಿತು, ಕಾಯಿಯನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿ, ಇದೇನು ಎಂದು ಕೇಳುವವರೂ ಈ ಓಣಿಯಲ್ಲಿ ಇಲ್ಲ. ನಾನು ಮುಚ್ಚಿಟ್ಟ ಆ ನಾಲ್ಕು ತಿಂಗಳನ್ನು ಅವ್ವನಿಗೆ ಹೇಗೆ ತಿರುಗಿ ಕೊಡಲಿ?

ಅವಳು ಅಳುವ ದಿನ ಈಗ ನಾನು ಏನನ್ನೂ ಹರಡುವುದಿಲ್ಲ. ಎದುರಿಗೆ ಕೂಡುತ್ತೇನೆ. ಕೈ ಮಾತ್ರ ಸುಮ್ಮನಿರದೆ ತೊಟ್ಟು ಮುರಿಯುವ ಹಾಗೆ ನನ್ನ ಸೀರೆಯ ಅಂಚನ್ನು ಚಿವುಟುತ್ತಿರುತ್ತದೆ. “ಬಿಡ, ಹರಿದೀತು,” ಎಂದು ಅವ್ವನೇ ನನ್ನ ಕೈ ಹಿಡಿಯುತ್ತಾಳೆ.