ಕಂಬಳಿ ಹೊದ್ದ ಬ್ಯಾಟರಿ

ಹಗರಿಬೊಮ್ಮನಹಳ್ಳಿಗೆ ಬಂದ ಎರಡನೇ ದಿನವೇ ಕೊಟ್ಟೂರಿನ ರಸ್ತೆಯಲ್ಲಿ ದೊಡ್ಡ ಕುರಿ ಹಿಂಡೊಂದು ನನ್ನ ಕಾರನ್ನು ಸುತ್ತುವರಿಯಿತು. ಬ್ರೇಕ್ ಒತ್ತಿದೆ. ಹೈಬ್ರಿಡ್ ಕಾರಲ್ಲವೇ, ನಿಂತ ಕೂಡಲೇ ಎಂಜಿನ್ ತಾನೇ ಆರಿತು. ಕೆಂಪು ರುಮಾಲಿನ ಹಿರಿಯರೊಬ್ಬರು ಕಿಟಕಿ ತಟ್ಟಿ, "ಗಾಡಿ ಸತ್ತೈತ್ರಿ, ದಬ್ಬತೀವಿ ತಡೀರಿ" ಎಂದರು. ಸತ್ತಿಲ್ಲ, ಈಗ ಬ್ಯಾಟರಿಯ ಮೇಲಿದೆ ಎಂದೆ. ಅವರು ಬಾನೆಟ್ಟಿಗೆ ಕಿವಿಯಿಟ್ಟು, "ಉಸ್ರೇ ಇಲ್ಲಲ್ರಿ" ಎಂದು ನಕ್ಕರು. ಹೊನ್ನಾವರದ ಹೊಳೆ, ಕಡಲು ಬಿಟ್ಟರೆ ಬೇರೇನೂ ಕಾಣದ ನನಗೆ ಅಷ್ಟು ಬಯಲು, ಅಷ್ಟು ಧೂಳು ಒಮ್ಮೆಲೇ ಕಂಡು ನಿಜಕ್ಕೂ ಉಸಿರು ಕಟ್ಟಿತ್ತು.

ಆ ಹಿರಿಯರು ಮೈಲಾರಪ್ಪ. ನಾನು ಅವರ ಕುರಿಗಳಿಗೆ ಲಸಿಕೆ ಹಾಕಲು ವರ್ಗವಾಗಿ ಬಂದ ಪಶುವೈದ್ಯೆ.

ಅಲ್ಲಿ ಹೇಗಿದೆ ಎಂದು ಹೊನ್ನಾವರದ ನೀವೆಲ್ಲ ಕೇಳುತ್ತೀರಿ. ನಮ್ಮಲ್ಲಿ ಸೆಕೆ, ಇಲ್ಲಿ ಝಳ. ಸೆಕೆಯಲ್ಲಿ ಮೈ ಬೆವರುತ್ತದೆ, ಝಳದಲ್ಲಿ ಬೆವರೂ ಒಣಗಿ ತುಟಿ ಒಡೆಯುತ್ತದೆ. ನನ್ನ ಬಾಡಿಗೆ ತಾರಸಿ ಮನೆಯಲ್ಲಿ ಮಧ್ಯಾಹ್ನ ನಲ್ಲಿಯ ನೀರು ಕೈ ಸುಡುತ್ತದೆ. ಬಂಗುಡೆ ಮೀನಿನ ಆಸೆ ಬಿಟ್ಟಿದ್ದೇನೆ. ಜೋಳದ ರೊಟ್ಟಿ ತಟ್ಟಲು ಕಲಿತಿದ್ದೇನೆ, ಅಂಚು ಮಾತ್ರ ಈಗಲೂ ಬಿರಿಯುತ್ತದೆ. 'ಇದೆ' ಹೋಗಿ 'ಐತಿ' ನಾಲಿಗೆಗೆ ಹತ್ತಲು ಆರು ತಿಂಗಳು ಬೇಕಾಯಿತು. ಮಗಳು ಸಿರಿ ಮಾತ್ರ ಹೊನ್ನಾವರದಲ್ಲಿ ನನ್ನ ಅಮ್ಮನ ಬಳಿ ಇದ್ದುಕೊಂಡು ಓದುತ್ತಿದ್ದಾಳೆ. ಪ್ರತಿ ಎರಡನೇ ಶನಿವಾರ ನಸುಕಿಗೇ ಹೊರಟರೆ ಮಧ್ಯಾಹ್ನ ಅವಳ ಜೊತೆ ಊಟ. ಬಸ್ಸಿನಲ್ಲಾದರೆ ಮೂರು ಕಡೆ ಇಳಿದು ಹತ್ತಿ ತಲುಪುವಷ್ಟರಲ್ಲಿ ಮರಳುವ ಹೊತ್ತಾಗಿರುತ್ತದೆ. ಕಾರು ಹೋದರೆ ನನಗೆ ಮಗಳ ಶನಿವಾರವೂ ಹೋದಂತೆ.

ಕಳೆದ ಚಳಿಗಾಲದಲ್ಲಿ ಮೈಲಾರಪ್ಪನವರ ಮರಿಗಳಿಗೆ ನ್ಯುಮೋನಿಯಾ ಬಂತು. ಚಿಗಟೇರಿ ಹತ್ತಿರದ ಅವರ ಹಟ್ಟಿಗೆ ವಾರವಿಡೀ ಓಡಾಡಿದೆ. ಮರಿಗಳು ಉಳಿದವು. ಅವರು ಹೊಸ ಕರಿಕಂಬಳಿ ತಂದು, ತಾವೇ ಹಿಂದಿನ ಸೀಟಿಗೆ ಹೊದಿಸಿ, ಅಂಚನ್ನೆಲ್ಲ ಸಂದಿಗೆ ಸಿಕ್ಕಿಸಿದರು. "ಕಂಬಳಿ ಇದ್ರ ಬಿಸ್ಲು ತಟ್ಟಂಗಿಲ್ರಿ, ಗಾಡಿ ತಂಪಿರ್ತೈತಿ" ಎಂದರು. ಇಲ್ಲಿ ದೇವರನ್ನೂ ಕಂಬಳಿಯ ಮೇಲೆ ಕೂರಿಸುತ್ತಾರೆ. ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲವೆಂದು ನಾನು ಉಬ್ಬಿಹೋದೆ.

ಬೇಸಿಗೆಯಲ್ಲಿ ತೆಲಿಗಿ ರಸ್ತೆಯಲ್ಲಿ ಎಚ್ಚರಿಕೆಯ ದೀಪ ಹೊತ್ತಿತು. ಅದಕ್ಕೂ ಮೊದಲೇ ಲಕ್ಷಣಗಳಿದ್ದವು. ನಿಂತಾಗ ಆರಬೇಕಾದ ಎಂಜಿನ್ ಆರುತ್ತಿರಲಿಲ್ಲ, ಚಾರ್ಜಿನ ಗೆರೆಗಳು ನಿಮಿಷದೊಳಗೆ ತುಂಬಿ ನಿಮಿಷದೊಳಗೆ ಇಳಿಯುತ್ತಿದ್ದವು, ಪೆಟ್ರೋಲು ಹೆಚ್ಚು ಕುಡಿಯುತ್ತಿತ್ತು. ಸೀಟಿನ ಹಿಂದೆ ಫ್ಯಾನ್ ಬೊಬ್ಬೆ ಹೊಡೆಯುತ್ತಿತ್ತು. ದೊಡ್ಡ ಊರಿನ ಸರ್ವಿಸ್ ಸೆಂಟರಿಗೆ ಒಯ್ದೆ. ಅಲ್ಲಿನವನು ಕಾರನ್ನು ನೋಡಲಿಲ್ಲ, ಕಂಪ್ಯೂಟರ್ ನೋಡಿದ.

"ಎಂಟು ವರ್ಷ ಆಯ್ತು ಮೇಡಂ. ಬ್ಯಾಟರಿ ಮುಗೀತು. ಪೂರ್ತಿ ಬದಲಾಯಿಸಿ, ಇಲ್ಲಾಂದ್ರೆ ಕಾರು ಮಾರಿಬಿಡಿ."

"ಬಿಚ್ಚಿ ನೋಡಿದಿರಾ?"

"ನೋಡೋದೇನಿದೆ ಅದ್ರಲ್ಲಿ?"

ನನಗೆ ಮೈಯೆಲ್ಲ ಉರಿಯಿತು. ಮುಟ್ಟದೆ, ಬಿಚ್ಚದೆ, ವಯಸ್ಸು ಕೇಳಿ ಸಾವು ಬರೆಯುವ ಇವನು ಯಾವ ಸೀಮೆಯ ವೈದ್ಯ? ಉರಿಯುವ ಬೆಂಕಿಗೆ ತುಪ್ಪ ಸುರಿದವನು ನನ್ನ ತಮ್ಮ. ಫೋನಿನಲ್ಲಿ, "ಮಾರಿಬಿಡು ಅಕ್ಕಾ. ಸಿರಿ ಇಲ್ಲಿ ಆರಾಮ ಇದ್ದಾಳೆ, ಎರಡು ಮೂರು ತಿಂಗಳಿಗೊಮ್ಮೆ ಬಂದ್ರೆ ಸಾಕು" ಎಂದ. ಸಾಕು ಎನ್ನಲು ಅವನು ಯಾರು? ಫೋನು ಕುಕ್ಕಿದೆ.

ಕೊನೆಗೆ ಹೋದದ್ದು ಹರಪನಹಳ್ಳಿಯ ಖಾಜಾಸಾಬರ ಗ್ಯಾರೇಜಿಗೆ. ದುಬೈಯಲ್ಲಿ ಹತ್ತು ವರ್ಷ ಇಂಥವೇ ಕಾರು ರಿಪೇರಿ ಮಾಡಿ ಬಂದವರು. ಹಿಂದಿನ ಬಾಗಿಲು ತೆಗೆದವರೇ ಕಂಬಳಿಯ ಅಂಚು ಎತ್ತಿ ನನ್ನ ಮುಖ ನೋಡಿದರು.

"ಇದು ಗಾಳಿ ಎಲ್ಲಿಂದ ತಗೋಬೇಕ್ರಿ?"

ಸೀಟಿನ ಪಕ್ಕದಲ್ಲೊಂದು ಜಾಲರಿ. ಬ್ಯಾಟರಿ ತಂಪಾಗಲು ಫ್ಯಾನು ಕಾರಿನೊಳಗಿನ ಗಾಳಿಯನ್ನು ಎಳೆದುಕೊಳ್ಳುವುದು ಅಲ್ಲಿಂದಲೇ. ಕಂಬಳಿ ಅದನ್ನು ಮುಚ್ಚಿತ್ತು. ಒಳಗೆ ಉಣ್ಣೆಯ ಎಳೆ ಮೆತ್ತಿ ಇನ್ನೊಂದು ಕಂಬಳಿಯೇ ಬೆಳೆದಿತ್ತು. ಖಾಜಾಸಾಬರು ಕೈಗವಸು ಹಾಕಿ, ಕರೆಂಟು ಕಡಿದು, ಬ್ಯಾಟರಿಯ ಒಂದೊಂದೇ ತುಂಡನ್ನು ಅಳೆದರು. ಎರಡು ಸೋತಿದ್ದವು. ಅವುಗಳ ಜಾಗಕ್ಕೆ ಇಂಥದ್ದೇ ಇನ್ನೊಂದು ಹಳೆಯ ಕಾರಿನ ಗಟ್ಟಿ ತುಂಡು ಹಾಕಿದರು. ಹಳೆಯದರ ಜೊತೆ ಹೊಸದು ಹೊಂದುವುದಿಲ್ಲವಂತೆ.

"ಇನ್ನೆಷ್ಟು ದಿನ ಬರುತ್ತೆ?" ಎಂದೆ.

"ತಾರೀಖು ಕೇಳಬ್ಯಾಡ್ರಿ. ಎಂಟಕ್ಕ ಹೋಗೂದೂ ಐತಿ, ಹನ್ನೆರಡು ವರ್ಸ ಬರೂದೂ ಐತಿ. ತಂಪಿಟ್ರ ಎರಡು ಬ್ಯಾಸಿಗಿ ದಾಟಬಹುದು. ದೀಪ ಮತ್ತ ಬಂತಂದ್ರ ಆವಾಗ ಪೂರ್ತಿ ಬದ್ಲಿ ಮಾಡ್ರಿ."

ಸಿಟ್ಟು ಈಗ ಮೈಲಾರಪ್ಪನವರ ಕಡೆ ತಿರುಗಿತು. ಅವರ ಮರ್ಯಾದೆಯಿಂದ ನನ್ನ ಶನಿವಾರವೇ ಹೋಗುತ್ತಿತ್ತಲ್ಲ. ನೇರ ಹಟ್ಟಿಗೆ ಹೋಗಿ ಕಂಬಳಿ ಮುಂದಿಟ್ಟು, ಆದದ್ದನ್ನೆಲ್ಲ ಒದರಿದೆ. ನೋಡದೆಯೇ ಸತ್ತಿತು ಎಂದ ಸರ್ವಿಸ್ ಸೆಂಟರಿನವನಿಗೂ ಸೇರಿಸಿ ಬೈದೆ. ಅವರು ಪೂರ್ತಿ ಕೇಳಿದರು. ಆಮೇಲೆ ಬಿಳಿ ಮೂತಿಯ ಕುರಿಯೊಂದನ್ನು ಎಳೆತಂದರು. ಏಳು ವರ್ಷವಾಯಿತು, ಮಾರಿಬಿಡಿ ಎಂದು ಹಿಂದಿನ ವಾರ ನಾನೇ ಹೇಳಿದ್ದ ಕುರಿ.

"ನೀವೂ ವರ್ಸ ಎಣಿಸಿದ್ರಿ ಡಾಕ್ಟ್ರಮ್ಮ. ಬಾಯಿ ನೋಡ್ಲಿಲ್ಲ."

ಬಾಯಿ ಬಿಡಿಸಿದೆ. ಹಲ್ಲು ಒಂದೂ ಅಲುಗಿರಲಿಲ್ಲ. ಕುರಿಯನ್ನು ವರ್ಷದಿಂದಲ್ಲ, ಹಲ್ಲಿನಿಂದ ಅಳೆಯಬೇಕು; ಕಾಲೇಜಿನಲ್ಲಿ ಮೊದಲು ಕಲಿತ ಪಾಠವದು. ನಾಚಿಕೆಯಾಯಿತು, ಆ ನಾಚಿಕೆಗೂ ಸಿಟ್ಟೇ ಬಂತು.

ಕೊಟ್ಟ ಕಂಬಳಿಯನ್ನು ಅವರು ಮರಳಿ ಮುಟ್ಟಲಿಲ್ಲ. "ಮುಂದಿನ ಸೀಟಿಗೆ ಹಾಸ್ರಿ, ಅಲ್ಲಿ ಯಾರ ಮೂಗೂ ಮುಚ್ಚಂಗಿಲ್ಲ. ನಿಮ್ಮೂರಿಗೆ ಹುಷಾರಾಗಿ ಹೋಗಿ ಬರ್ರಿ" ಎಂದರು.

ಆ ಶನಿವಾರ ಮಧ್ಯಾಹ್ನ ಹೊನ್ನಾವರದಲ್ಲಿದ್ದೆ. ಸಂಜೆ ಸಿರಿಯನ್ನು ಕಡಲಿಗೆ ಕರೆದೊಯ್ದೆ. ಅವಳು ಮುಂದಿನ ಸೀಟಿನಲ್ಲಿ ಕಾಲು ಮಡಚಿ ಕೂತು, ಕಂಬಳಿಯನ್ನು ಎಳೆದು ಹೊದ್ದು, ಮೂಸಿ, ಕುರಿ ವಾಸನೆ ಎಂದು ನಕ್ಕಳು. ಸ್ವಲ್ಪ ಹೊತ್ತಿಗೆ ಕಿಟಕಿಯಾಚೆ ನೋಡುತ್ತಾ ಕೇಳಿದಳು.

"ಅಮ್ಮಾ, ನಿಮ್ಮೂರಿಗೆ ಯಾವಾಗ ಹೋಗ್ತೀ?"

ಮೈಲಾರಪ್ಪನವರಿಗೆ ನನ್ನೂರು ಹೊನ್ನಾವರ, ಸಿರಿಗೆ ಬಯಲಿನ ಆ ಊರು; ಎರಡು ಕಡೆಯವರೂ ನನ್ನೂರನ್ನು ಇನ್ನೊಂದು ಕಡೆಗೆ ದಾಟಿಸಿದ್ದರು. ಸಿಟ್ಟು ಮಾಡೋಣವೆಂದರೆ ಎದುರಿಗೆ ಯಾರೂ ಇರಲಿಲ್ಲ, ಕಂಬಳಿ ಹೊದ್ದ ನನ್ನ ಮಗಳೊಬ್ಬಳೇ.

"ನಾಳೆ" ಎಂದೆ.