ಎರಡೆರಡು ಸಾಲು ಕಂಡ ಗುಮಾಸ್ತರು

ನಮ್ಮ ಗ್ರಂಥಾಲಯದ ಪುಸ್ತಕಸೂಚಿ ನೋಡಿಕೊಳ್ಳುತ್ತಿದ್ದ ಗುಮಾಸ್ತರಿಗೆ ಎಲ್ಲರೂ ಇಟ್ಟಿದ್ದ ಹೆಸರು ‘ನಿಧಾನಪ್ಪ’. ಹದಿನೆಂಟು ವರ್ಷ ಅವರು ಕಪ್ಪು ಪರದೆಯ ಟೆಕ್ಸ್ಟ್ ಎಡಿಟರಿನಲ್ಲಿ ಪುಸ್ತಕಕ್ಕೊಂದು ಸಾಲಿನಂತೆ ಟೈಪು ಮಾಡಿದರು. ಅದರಲ್ಲಿ ಚಿತ್ರವಿಲ್ಲ, ಮೌಸಿಗೆ ಕೆಲಸವಿಲ್ಲ. ಸಂಜೆ ಎಲ್ಲವನ್ನೂ ಒಮ್ಮೆ ಓದಿ, ಎರಡು ಸಲ ಬಂದ ಸಾಲುಗಳಲ್ಲಿ ಒಂದನ್ನು ಅಳಿಸಿ ಏಳುವುದು ಅವರ ಪದ್ಧತಿ.

ಒಂದು ತಿಂಗಳಲ್ಲಿ ನಲವತ್ತೊಂದು ಪುಸ್ತಕಗಳು ಸೂಚಿಯಿಂದ ಮಾಯವಾದವು. ಕಪಾಟಿನಲ್ಲಿ ಇವೆ, ಸೂಚಿಯಲ್ಲಿಲ್ಲ. ಮುಖ್ಯಸ್ಥೆಯಾಗಿದ್ದ ನಾನು ಕರೆದು ಕೇಳಿದೆ.

“ಎರಡೆರಡು ಸಾಲು ಕಾಣ್ತಿತ್ತು ಮೇಡಂ. ಒಂದನ್ನ ಅಳಿಸ್ದೆ.”

“ಒಂದನ್ನ ಅಳಿಸಿದ್ರೆ ಇನ್ನೊಂದು ಎಲ್ರೀ?”

ಸೂಚಿಯ ಕೆಲಸ ಬೇರೆಯವರಿಗೆ, ನಿಮಗೆ ಉಗ್ರಾಣ ಎಂದೆ. ಕಾರಣ ಹುಡುಕಲು ಒಂದು ವಾರ ಗಡುವು ಕೇಳಿದರು. ಕೊಟ್ಟೆ.

ಮೊದಲು ಅವರು ಕಣ್ಣಿನ ಡಾಕ್ಟರ ಬಳಿ ಹೋದರು. ಚಾಳೀಸು ಬಿಟ್ಟರೆ ಬೇರೆ ದೋಷವಿರಲಿಲ್ಲ. “ಕಣ್ಣು ಸರಿ ಇದೆಯಂತೆ. ಇನ್ನು ತಲೆ ತೋರಿಸೋದೊಂದು ಬಾಕಿ,” ಎಂದರಂತೆ ಹೆಂಡತಿ.

ಆಮೇಲೆ ಪರದೆಯಲ್ಲಿ ಕಂಡದ್ದನ್ನೆಲ್ಲ ಪೆನ್ಸಿಲಿನಿಂದ ಕಾಗದಕ್ಕೆ ಇಳಿಸಿದರು. ಅದೇ ಫೈಲನ್ನು ಪ್ರಿಂಟು ಹಾಕಿಸಿ ಪಕ್ಕದಲ್ಲಿಟ್ಟರು. ಕಾಗದದಲ್ಲಿ ಜೋಡಿ ಸಾಲು, ಪ್ರಿಂಟಿನಲ್ಲಿ ಒಂಟಿ. ಜೋಡಿ ಬರುವುದು ಉದ್ದ ಹೆಸರಿನ ಪುಸ್ತಕಗಳ ಆಸುಪಾಸಿನಲ್ಲಿ ಮಾತ್ರ ಎಂಬುದು ಮೂರನೆಯ ದಿನ ಹೊಳೆಯಿತು. ಪರದೆಯ ಅಗಲಕ್ಕೆ ಎಷ್ಟು ಅಕ್ಷರ ಹಿಡಿಯುತ್ತದೆಂದು ಎಣಿಸಿದರು: ಅರವತ್ತನಾಲ್ಕು. ಎಡಿಟರ್ ಮಾತ್ರ ಎಂಬತ್ತು ಹಿಡಿಯುತ್ತದೆಂದೇ ನಂಬಿತ್ತು. ಹೆಚ್ಚಾದ ಅಕ್ಷರಗಳು ಕೆಳಗಿನ ಸಾಲಿಗೆ ಉಕ್ಕಿ, ಎಡಿಟರಿನ ಲೆಕ್ಕ ತಪ್ಪಿ, ಪುಟ ಸರಿಸಿದಾಗ ಅಳಿಯಬೇಕಾದ ಹಳೆಯ ಸಾಲು ಪರದೆಯ ಮೇಲೆ ಹಾಗೇ ಉಳಿದು ಒಂದೇ ಸಾಲು ಎರಡಾಗಿ ಕಾಣುತ್ತಿತ್ತು. ಫೈಲಿನಲ್ಲಿ ಇದ್ದದ್ದು ಒಂದೇ ಸಾಲು. ನಿಧಾನಪ್ಪ ಅದನ್ನೇ ಅಳಿಸಿದ್ದರು.

ಕಂಪ್ಯೂಟರ್ ವಿಭಾಗದ ಎಂಜಿನಿಯರಮ್ಮ ಹಣೆ ಚಚ್ಚಿಕೊಂಡರು. “ಅಯ್ಯೋ ಅಣ್ಣಾ, ಅಕ್ಷರ ಸಣ್ಣ ಅಂತ ಗೊಣಗ್ತಿದ್ರಲ್ಲ, ಹೋದ ತಿಂಗಳು ನಾನೇ ದೊಡ್ಡದು ಮಾಡಿದ್ದು! ಅದಕ್ಕೇ ಸಾಲಿಗೆ ಹಿಡಿಯೋ ಅಕ್ಷರ ಕಮ್ಮಿ ಆಗಿದೆ.”

“ಒಂದ್ಮಾತು ಹೇಳ್ಬಾರ್ದಿತ್ತೇನಮ್ಮಾ?”

“ಕಾಣ್ಸಲ್ವಾ ನಿಮ್ಗೆ? ಅಷ್ಟು ದಪ್ಪ ಆಗಿದೆ!”

“ಕಾಣಿಸ್ತು. ಆಗಷ್ಟೇ ಹೊಸ ಕನ್ನಡಕ ಹಾಕ್ಸಿದ್ದೆ, ಅದರ ಮಹಿಮೆ ಅಂದ್ಕೊಂಡೆ.”

ಎಡಿಟರಿಗೆ ನಿಜವಾದ ಅಗಲ ತಿಳಿಸಲು ಒಂದೇ ಆಜ್ಞೆ ಸಾಕಾಯಿತು. ಆರನೆಯ ದಿನ ನಿಧಾನಪ್ಪ ಕಾಗದಗಳನ್ನು ನನ್ನ ಮೇಜಿನ ಮೇಲೆ ಹರಡಿದರು. ಅವನ್ನು ನೋಡಿದ ನಾನು, ತಪ್ಪು ಯಂತ್ರದ್ದು, ನಿಮ್ಮ ಜಾಗ ನಿಮಗೇ ಎಂದು ಹೇಳಿ ವರದಿ ಬರೆಯತೊಡಗಿದೆ.

“ಪೂರ್ತಿ ಯಂತ್ರದ್ದಲ್ಲ ಮೇಡಂ. ಅಳಿಸೋ ಮುಂಚೆ ಕಪಾಟಿಗೆ ಹೋಗಿ ಒಂದ್ಸಲ ನೋಡ್ಬೇಕಿತ್ತು. ಕೂತಲ್ಲೇ ಅಳಿಸ್ದೆ. ಅದನ್ನೂ ಬರ್ಕೊಳ್ಳಿ.”

ಬರೆದುಕೊಂಡೆ. ಆ ತಿಂಗಳು ಅವರ ಮೇಜಿನಲ್ಲಿ ಏನು ಬದಲಾಗಿದೆ ಎಂದು ನಾನೂ ಕೇಳಿರಲಿಲ್ಲ. ಕೇಳದೆಯೇ ಉಗ್ರಾಣ ತೋರಿಸಿದ್ದೆ. ಅದಕ್ಕೂ ಒಂದು ವಾಕ್ಯ ಸೇರಿಸಿ ತಲೆ ಎತ್ತಿದಾಗ ಎದುರಿನ ಕುರ್ಚಿ ಖಾಲಿ. ಪೆನ್ಸಿಲು, ಆ ನಲವತ್ತೊಂದು ಪುಸ್ತಕಗಳ ಪಟ್ಟಿ ಹಿಡಿದು ಕಪಾಟುಗಳ ಕಡೆ ಹೊರಟುಹೋಗಿದ್ದರು.