ಷರಾ ಕಾಲಮ್ಮಿನ ಗುರುವಾರ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಸತ್ತಿನಲ್ಲಿ ಅಂಗೀಕಾರವಾದ ಮರುವರ್ಷದ ಮಳೆಗಾಲ. ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಗಳಲ್ಲಿ ಆಸ್ಪತ್ರೆ ನಡೆಸುತ್ತಿದ್ದ ಒಂದು ಸೇವಾ ಸಂಸ್ಥೆಯಲ್ಲಿ ನಾನು ಮಾಹಿತಿ ಸುರಕ್ಷತಾ ಅಧಿಕಾರಿಯಾಗಿದ್ದೆ. ರೋಗಿಗಳು ನಂಬಿ ಹೇಳಿದ ಮಾತು ಆಸ್ಪತ್ರೆಯ ಗೋಡೆ ದಾಟದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಬಡವರ ಗುಟ್ಟಿಗೂ ಶ್ರೀಮಂತರ ಗುಟ್ಟಿನಷ್ಟೇ ಬೆಲೆಯಿದೆ ಎಂದು ನಂಬಿದವರ ನಡುವೆ ಓದಿ ಬೆಳೆದವಳು ನಾನು. ಈ ಹುದ್ದೆಗೆ ಬಂದದ್ದೂ ಆ ನಂಬಿಕೆಯಿಂದಲೇ.

ಒಂದು ಸೋಮವಾರ ಬೆಳಿಗ್ಗೆ ಬಾಗೇವಾಡಿ ಶಾಖೆಯ ನೋಂದಣಿ ಕೌಂಟರಿನಿಂದ ಕರೆ ಬಂತು. "ಮೇಡಮ್ಮಾರ, ಕಂಪ್ಯೂಟರ್ ತಗದ್ರ ಯಾವ್ದೋ ಇಂಗ್ಲಿಷ್ ಬೆದರಿಕಿ ಬರಾಕತ್ತೈತ್ರಿ. ಒಂದ್ ಫೈಲೂ ತಗೀವಲ್ದು." ಮಾತಾಡುತ್ತಿದ್ದ ಗುಮಾಸ್ತರು ಗೊಳಸಂಗಿ ಊರಿನವರು. ಅವರ ಹೊಲಕ್ಕೆ ಕಾಲುವೆ ನೀರು. "ಆಲಮಟ್ಟಿ ಕಾಲುವೆಗೆ ಯಾವ ದಿನ ನೀರು" ಎಂಬ ಹೆಸರಿನ ಫೈಲು ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತು. ದೊಡ್ಡದಾಗಿ ನೋಡೋಣವೆಂದು ಅವರು ಅದನ್ನು ಆಸ್ಪತ್ರೆಯ ಕಂಪ್ಯೂಟರಿನಲ್ಲಿ ತೆರೆದಿದ್ದರು. ಅದರೊಳಗೆ ನೀರಿನ ಸುದ್ದಿ ಇರಲಿಲ್ಲ, ರ‍್ಯಾನ್ಸಮ್‌ವೇರ್ ಇತ್ತು. ಗಣಕದೊಳಗೆ ನುಗ್ಗಿ ದತ್ತಾಂಶವನ್ನು ಕದ್ದು, ಉಳಿದದ್ದಕ್ಕೆ ಬೀಗ ಜಡಿದು, ಬಿಡಿಸಲು ಹಣ ಕೇಳುವ ತಂತ್ರಾಂಶವದು. ಈ ಸೀಮೆಯವರು ಯಾವ ಸುದ್ದಿಗೆ ಕಾಯುತ್ತ ಕೂತಿರುತ್ತಾರೆಂಬುದು ಕಳ್ಳರಿಗೆ ಚೆನ್ನಾಗಿ ಗೊತ್ತಿತ್ತು.

ನಾನು ಗುಮಾಸ್ತರನ್ನು ಬಯ್ಯಲಿಲ್ಲ. ತಪ್ಪುಗಳನ್ನು ಇದ್ದಲ್ಲೇ ಗುರುತಿಸಬೇಕು. ನಾಲ್ಕೂ ಶಾಖೆಗಳ ಗಣಕಗಳಿಗೆ ಒಂದೇ ಪಾಸ್‌ವರ್ಡ್ ಇಟ್ಟು ಹೋದ ತಂತ್ರಾಂಶ ಕಂಪನಿಯದು ತಪ್ಪು. ಅದನ್ನು ಬದಲಿಸಬೇಕೆಂದು ನಾನು ಬರೆದ ಪತ್ರಗಳನ್ನು "ಮುಂದಿನ ಸಭೆಗೆ" ಎಂದು ಪಕ್ಕಕ್ಕಿಟ್ಟ ಆಡಳಿತ ಮಂಡಳಿಯದು ತಪ್ಪು. ಸಿಬ್ಬಂದಿಗೆ ಒಂದು ದಿನದ ತರಬೇತಿಯನ್ನೂ ಕೊಡದೆ ಹೊಸ ಯಂತ್ರ ಕೂರಿಸಿ ರಿಬ್ಬನ್ ಕತ್ತರಿಸಿದ ಉತ್ಸಾಹವೂ ತಪ್ಪೇ.

ಆದರೂ ಆ ದಿನ ನನಗೆ ಒಂದು ಧೈರ್ಯವಿತ್ತು. ಬ್ಯಾಕಪ್, ಅಂದರೆ ದತ್ತಾಂಶದ ಮರುಪ್ರತಿ, ಜಾಲಕ್ಕೆ ಸೇರದ ಬೇರೊಂದು ಡಿಸ್ಕಿನಲ್ಲಿ ಸುರಕ್ಷಿತವಾಗಿತ್ತು. ರೋಗದ ಹೆಸರು ಮತ್ತು ತಪಾಸಣೆಯ ಫಲಿತಾಂಶದ ಕಾಲಂಗಳು ಎನ್‌ಕ್ರಿಪ್ಟ್ ಆಗಿದ್ದವು. ಎನ್‌ಕ್ರಿಪ್ಟ್ ಮಾಡುವುದೆಂದರೆ ಅಕ್ಷರಗಳನ್ನು ಗುಪ್ತ ಕೀಲಿಯಿಂದ ಕಲಸಿಡುವುದು. ಕೀಲಿ ಇಲ್ಲದವನಿಗೆ ಅದು ಅರ್ಥವಿಲ್ಲದ ಗುರುತುಗಳ ರಾಶಿ. ಕಳ್ಳರ ಕೈಗೆ ಹೆಸರು, ಊರು, ಮೊಬೈಲ್ ನಂಬರು ಮತ್ತು ಷರಾ ಕಾಲಂ ಮಾತ್ರ ಸಿಕ್ಕಿದ್ದವು. ಷರಾ ಕಾಲಮ್ಮಿನಲ್ಲಿ ಸಾಮಾನ್ಯವಾಗಿ "ಮಗನೊಂದಿಗೆ ಬಂದಿದ್ದರು", "ಕಿವಿ ಮಂದ" ಎಂಬಂಥ ಟಿಪ್ಪಣಿಗಳಿರುತ್ತವೆ.

ಸೈಬರ್ ದಾಳಿಯನ್ನು ಆರು ಗಂಟೆಯೊಳಗೆ ಕೇಂದ್ರ ಸರಕಾರದ ಸೈಬರ್ ಸುರಕ್ಷತಾ ಸಂಸ್ಥೆಗೆ ವರದಿ ಮಾಡಬೇಕೆಂಬ ನಿಯಮವಿದೆ. ನಾನು ವರದಿ ಬರೆಯುತ್ತಿದ್ದಾಗ ಸಂಸ್ಥೆಯ ಕಾರ್ಯದರ್ಶಿ ಬಂದು ಎದುರಿಗೆ ಕುಳಿತರು.

"ವರದಿ, ಪೊಲೀಸ್, ಪೇಪರು ಅಂದ್ರ ಆಸ್ಪತ್ರೀ ಹೆಸರು ಕೆಡತೈತ್ರಿ ಮೇಡಂ. ಸುಮ್ನ ಇದ್ದ್ರ ಮಂದಿ ಮರೀತಾರ."

"ಆಸ್ಪತ್ರೀ ಹೆಸರಲ್ರಿ, ಮಂದಿ ಹೆಸರು ಹೊರಗ ಹೋಗ್ಯಾವ. ಅವ್ರಿಗೆ ಹೇಳಬೇಕಲ್ರಿ," ಎಂದೆ. ವರದಿಯನ್ನು ಕಳಿಸಿದೆ. ಅವರು ಎದ್ದು ಹೋದರು. ನೌಕರಿ ಉಳಿಯುತ್ತದೋ ಇಲ್ಲವೋ ಎಂಬ ಯೋಚನೆ ಬಂತು, ಆದರೆ ಅದಕ್ಕೆ ಪುರುಸೊತ್ತಿರಲಿಲ್ಲ.

ಮರುಪ್ರತಿ ಇದ್ದುದರಿಂದ ನಾವು ಹಣ ಕೊಡುವುದಿಲ್ಲವೆಂದು ತಿಳಿದ ಕಳ್ಳರು ಮರುದಿನ ನಮ್ಮ ದತ್ತಾಂಶದ ಒಂದು ತುಣುಕನ್ನು ಮಾದರಿಯಾಗಿ ಅಂತರ್ಜಾಲಕ್ಕೆ ಹರಿಬಿಟ್ಟರು. ಸಂಜೆಯ ಹೊತ್ತಿಗೆ ಅದು ಊರೂರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿತ್ತು. ತೆರೆದು ನೋಡಿದೆ: ಹೆಸರು, ಊರು, ನಂಬರು. ರೋಗದ ಕಾಲಮ್ಮಿನಲ್ಲಿ ಕಲಸಿದ ಅಕ್ಷರಗಳು. ನಿಟ್ಟುಸಿರು ಬಿಡುವಷ್ಟರಲ್ಲಿ ಮಹಾದೇವಿಯ ಫೋನು ಬಂತು. ಆಕೆ ನಾಲ್ಕೂ ಶಾಖೆಗಳ ಆಪ್ತಸಮಾಲೋಚಕಿ. ರೋಗಿಗಳಿಗೆ ಧೈರ್ಯ ಹೇಳಿ, ಮಾತ್ರೆ ತಪ್ಪದಂತೆ ನೋಡಿಕೊಳ್ಳುವವಳು.

"ಮೇಡಮ್ಮಾರ, ಷರಾ ಓದ್ರಿ. ಷರಾ ಓದೀರಿ?"

ಓದಿದೆ. ಕೆಲವು ಹೆಸರುಗಳ ಮುಂದೆ ಒಂದೇ ಪದವಿತ್ತು: ಗುರುವಾರ.

ಎಚ್‌ಐವಿ ಸೋಂಕಿತರಿಗೆ ಸರಕಾರ ಕೊಡುವ ಮಾತ್ರೆಗಳನ್ನು ನಮ್ಮ ಶಾಖೆಗಳಲ್ಲೂ ವಿತರಿಸುವ ಏರ್ಪಾಡಿತ್ತು. ವಾರಕ್ಕೊಂದು ಊರಿನ ಸರದಿ, ದಿನ ಮಾತ್ರ ಎಲ್ಲ ಕಡೆಯೂ ಗುರುವಾರ. ರೋಗದ ಹೆಸರನ್ನು ಬಾಯಿಂದ ಆಡಬಾರದೆಂಬ ಮರ್ಯಾದೆಗೆ ಸಿಬ್ಬಂದಿ ಅವರನ್ನು "ಗುರುವಾರದವರು" ಎನ್ನುತ್ತಿದ್ದರು. ಕೌಂಟರಿನಲ್ಲಿ ಗುರುತಾಗಲೆಂದು ಅದೇ ಪದವನ್ನು ಷರಾದಲ್ಲೂ ಬರೆದಿದ್ದರು. ಕಾಲ ಕಳೆದಂತೆ ಆ ಪದ ಔಷಧಿ ಅಂಗಡಿಗೂ ಚಹಾದಂಗಡಿಗೂ ಹೋಗಿ ನೆಲೆಸಿತ್ತು. ನಾಲ್ಕು ತಾಲೂಕುಗಳಲ್ಲಿ ಅದರ ಅರ್ಥ ತಿಳಿಯದವರು ಕಡಿಮೆ. ಧಾರವಾಡದಿಂದ ಬಂದ ನಾನು ಆ ಕಡಿಮೆ ಜನರಲ್ಲಿ ಒಬ್ಬಳು. ಗಣಿತಜ್ಞರು ಕಟ್ಟಿದ ಎನ್‌ಕ್ರಿಪ್ಶನ್ನಿನ ಬೀಗ ಭದ್ರವಾಗಿಯೇ ಇತ್ತು. ಸೌಜನ್ಯದ ಒಂದು ಪದ ಹಿತ್ತಲ ಬಾಗಿಲು ತೆರೆದಿಟ್ಟಿತ್ತು.

"ಆ ಹೆಸರು ಹೇಳೂದ ಬ್ಯಾಡ ಅಂತ ಹಂಗ ಬರದಿದ್ವಿರಿ," ಎಂದು ಮಹಾದೇವಿ ಅತ್ತಳು.

ಫೋನಿನಲ್ಲಿ ತಿಳಿಸುವಂತಿರಲಿಲ್ಲ. ಎಷ್ಟೋ ಮನೆಗಳಲ್ಲಿ ಇಡೀ ಕುಟುಂಬಕ್ಕೆ ಒಂದೇ ಫೋನು. ಕರೆ ಯಾರು ಎತ್ತುತ್ತಾರೋ ಯಾರಿಗೆ ಗೊತ್ತು? ಹಾಗಾಗಿ ನಾವಿಬ್ಬರೂ ಹಲವು ದಿನ ಊರೂರು ಅಲೆದೆವು. ಬಸ್ಸು ತಪ್ಪಿದಲ್ಲಿ ಟಂಟಂ ರಿಕ್ಷಾ ಹತ್ತಿದೆವು. ಪ್ರತಿ ಮನೆಯ ಹೊಸ್ತಿಲಲ್ಲೂ ಯಾವುದೋ ಸುಳ್ಳು ನೆಪ ಹೇಳಿ ಒಬ್ಬರನ್ನೇ ಹೊರಗೆ ಕರೆಯಬೇಕಿತ್ತು.

ಶನಿವಾರ ನಾವು ಮುಟ್ಟಿದ್ದು ಸಿಂದಗಿ ತಾಲೂಕಿನ ಮೋರಟಗಿ ಕಡೆಯ ಒಂದು ಊರು, ಅಲ್ಲಿ ಗೌರವ್ವ ಇದ್ದಳು. ಅದು ಆಕೆಯ ನಿಜವಾದ ಹೆಸರಲ್ಲ. ವಿಧವೆ. ಶಾಲೆಯಲ್ಲಿ ಬಿಸಿಯೂಟ ಮಾಡುವ ಕೆಲಸ, ಮನೆಯಲ್ಲಿ ಓದುವ ಮಗಳು. ನಾವು ಬಾಯಿ ತೆರೆಯುವ ಮೊದಲೇ ಆಕೆ ಹೇಳಿದಳು:

"ಗೊತ್ತಾಗೇತ್ರಿ ಅಕ್ಕಾರ. ನಿನ್ನೆ ಸಂಗಪ್ಪ ಕಾಕಾ ಅಡಗೀಮನಿ ಬಾಗಲದಾಗ ನಿಂತು ಕೇಳಿದ, 'ಗೌರಾ, ನೀ ಗುರುವಾರದಾಕಿ ಅಂತ, ಖರೇ ಏನು?' ಅಂತ."

ಸಂಗಪ್ಪ ಶಾಲಾ ಸಮಿತಿಯ ಅಧ್ಯಕ್ಷ. ಬರುವ ಶುಕ್ರವಾರ ಪಾಲಕರ ಸಭೆಯಿದೆ, ಅಲ್ಲಿ ಬಂದು ಉತ್ತರ ಕೊಡು ಎಂದು ಹೇಳಿ ಹೋಗಿದ್ದ. ಅಡುಗೆಯಿಂದ ಈ ಸೋಂಕು ಹರಡುವುದಿಲ್ಲ. ಸೋಂಕಿತರ ಗುಟ್ಟನ್ನು ಬಯಲು ಮಾಡುವುದು ಕಾನೂನಿಗೆ ವಿರುದ್ಧ. ಎರಡನ್ನೂ ಸಭೆಯಲ್ಲಿ ನಾನೇ ಬಂದು ಹೇಳುತ್ತೇನೆ ಎಂದೆ.

ಗೌರವ್ವ ನನ್ನನ್ನೇ ದಿಟ್ಟಿಸಿದಳು. "ನೀವು ಬಂದು ಭಾಷಣ ಮಾಡಿದ್ರಿ ಅಂದ್ರ, ಅನುಮಾನ ಇದ್ದದ್ದು ಖಾತ್ರಿ ಆಕ್ಕೈತ್ರಿ. ನೀವು ಬಸ್ ಹತ್ತಿ ಹೋಗ್ತೀರಿ. ಮರುದಿನ ನಾ ಮಾಡಿದ ಸಾರು ಯಾವ ಹುಡುಗ ಉಣತಾನ?" ಮತ್ತೆ ಸಿಟ್ಟಿನಿಂದ ಅಂದಳು: "ಗುರುವಾರ ದವಾಖಾನಿಗೆ ಹೋದ್ರ ಏನಾತ್ರಿ? ಬ್ಯಾರೇದಾವ್ರಿಗೆ ಗುರುವಾರ ಜಡ್ಡ ಬರೂದಿಲ್ಲೇನು?"

ಮಹಾದೇವಿ ಥಟ್ಟನೆ ನನ್ನ ಮುಖ ನೋಡಿದಳು. ಬರುವ ಗುರುವಾರ ಸಿಂದಗಿಯದೇ ಸರದಿ.

ಹರಡಿದ ಮಾತನ್ನು ಹಿಂದೆ ತರಲಾಗದು. ಆದರೆ ಅದರ ಅರ್ಥವನ್ನು ಕರಗಿಸಬಹುದು. ಸಿಂದಗಿಯ ಹಿರಿಯ ವೈದ್ಯರನ್ನು ಕಂಡೆವು. ಬೇರೆ ಬೇರೆ ದಿನ ನಡೆಯುತ್ತಿದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡ ಮತ್ತು ಕಣ್ಣಿನ ತಪಾಸಣೆಗಳನ್ನೆಲ್ಲ ಅವರು ಗುರುವಾರಕ್ಕೆ ತಂದರು, ಆ ವಾರಕ್ಕಷ್ಟೇ ಅಲ್ಲ, ಕಾಯಂ ಆಗಿ. ಕೌಂಟರಿನಿಂದ ಎಲ್ಲರಿಗೂ ಕರೆ ಹೋಯಿತು. "ಇನ್ನ ಮ್ಯಾಲೆ ಗುರುವಾರ ಬರ್ರಿ."

ಗುರುವಾರ ಬೆಳಿಗ್ಗೆ ಆಸ್ಪತ್ರೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ನನಗೆ ಮಾತ್ರ ಒಂದೆಡೆ ನಿಲ್ಲಲಾಗುತ್ತಿರಲಿಲ್ಲ. ಗೇಟಿಗೂ ಕೌಂಟರಿಗೂ ನಡುವೆ ಓಡಾಡುತ್ತಿದ್ದೆ. ಗೌರವ್ವ ಬರುತ್ತಾಳೋ ಇಲ್ಲವೋ? ಬಂದಳು, ಸೆರಗು ತಲೆಯ ಮೇಲೆ ಹೊದ್ದು. ಅಷ್ಟರಲ್ಲಿ ಸಕ್ಕರೆ ಕಾಯಿಲೆಯವರ ಸಾಲಿನಲ್ಲಿ ಬಿಳಿ ಟೋಪಿ ಹಾಕಿಕೊಂಡು ನಿಂತಿದ್ದ ಹಿರಿಯನೊಬ್ಬ ಆಕೆಯನ್ನು ಕಂಡು ಮುಖ ತಿರುಗಿಸಿದ. ಆತನೇ ಸಂಗಪ್ಪ.

ಗೌರವ್ವ ಸೆರಗನ್ನು ಸರಿಸಿದಳು. ಸಾಲಿನವರಿಗೆಲ್ಲ ಕೇಳುವಂತೆ, "ಏನ್ರಿ ಕಾಕಾ! ನೀವೂ ಗುರುವಾರದಾವ್ರ ಆದ್ರೇನು?"

ಸಾಲು ಗೊಳ್ಳೆಂದು ನಕ್ಕಿತು.

"ಏ, ಸಕ್ಕರಿ ತೋರ್ಸಾಕ ಬಂದೇನಿ ನಾ!"

"ನಾ ಏನ್ ಅಂದ್ನಿ? ಯಾತಕ್ಕ ಬಂದ್ರಿ ಅಂತ ಕೇಳಾಕ ನಾ ಯಾರರಿ?"

ಹಿಂದಿನಿಂದ ಒಬ್ಬ ಮುದುಕಿ, "ನಾನೂ ಗುರುವಾರದಾಕಿನ ಬೇ, ಕಣ್ಣು ಕಾಣವಲ್ವು," ಎಂದಳು. ಸಂಗಪ್ಪ ಟೋಪಿ ತೆಗೆದು, ಮತ್ತೆ ಹಾಕಿಕೊಂಡ. ಶುಕ್ರವಾರದ ಸಭೆಯಲ್ಲಿ ಸೋರುವ ಅಡುಗೆಮನೆಯ ಬಗ್ಗೆ ಮಾತ್ರ ಚರ್ಚೆಯಾಯಿತು. ಗೌರವ್ವ ಇವತ್ತಿಗೂ ಅಲ್ಲೇ ಅಡುಗೆ ಮಾಡುತ್ತಾಳೆ.

ಬ್ಯಾಕಪ್‌ನಿಂದ ದತ್ತಾಂಶ ಮರಳಿ ಬಂತು. ಪಾಸ್‌ವರ್ಡ್‌ಗಳು ಬದಲಾದವು. ಷರಾ ಕಾಲಮ್ಮಿನಲ್ಲಿ ಮನಸ್ಸಿಗೆ ಬಂದದ್ದನ್ನು ಬರೆಯುವ ಅವಕಾಶವನ್ನು ತೆಗೆದುಹಾಕಿಸಿದೆ. ಕಳ್ಳರು ಸಿಗಲಿಲ್ಲ. ಆದರೂ ಇದನ್ನು ಗೆಲುವೆಂದು ಬರೆಯಲು ನನ್ನ ಕೈ ಏಳುವುದಿಲ್ಲ. ಒಬ್ಬ ಹೆಣ್ಣುಮಗಳು ತಾನು ನುಂಗುವ ಮಾತ್ರೆಯನ್ನು ಜಂಗುಳಿಯಲ್ಲಿ ಬಚ್ಚಿಡಬೇಕಾಗಿ ಬಂದದ್ದೇ ಈ ಸಮಾಜದ ಅಪರಾಧ. ಇನ್ನೊಂದು ವಿಷಯವೂ ಇದೆ. ಆ ತುಣುಕಿನಲ್ಲಿ ಮುದ್ದೇಬಿಹಾಳದ ಕಡೆಯ, ಮನೆ ಕಟ್ಟುವ ಒಬ್ಬ ಗೌಂಡಿಯ ಹೆಸರಿತ್ತು. ನಾವು ಹೋಗುವಷ್ಟರಲ್ಲಿ ಆತನ ಮನೆಗೆ ಬೀಗ ಬಿದ್ದಿತ್ತು. ಗೋವಾಕ್ಕೆ ಹೋದನೆಂದರು, ಸೊಲ್ಲಾಪುರಕ್ಕೆಂದರು. ಮಾತ್ರೆಗೆ ಆತ ಮತ್ತೆ ಬರಲಿಲ್ಲ. ಎಲ್ಲಿಯಾದರೂ ನುಂಗುತ್ತಿದ್ದಾನೋ ಇಲ್ಲವೋ, ನನಗೆ ಗೊತ್ತಿಲ್ಲ.

ನಿವೃತ್ತಿಯ ನಂತರವೂ ಆಸ್ಪತ್ರೆಗಳು ಸಲಹೆಗೆ ಕರೆಯುತ್ತವೆ. ಅಲ್ಲಿಯವರು ಮೊದಲು ಸರ್ವರ್ ಕೋಣೆ ತೋರಿಸಲು ಹೊರಡುತ್ತಾರೆ. ನಾನು ಬೇಡವೆನ್ನುತ್ತೇನೆ. ಕೌಂಟರಿನ ಪಕ್ಕದ ಬೆಂಚಿನ ಮೇಲೆ ರೋಗಿಗಳ ನಡುವೆ ಕುಳಿತು, ಸಿಬ್ಬಂದಿ ಯಾರನ್ನು ಯಾವ ಹೆಸರಿನಿಂದ ಕರೆಯುತ್ತಾರೆಂದು ಕೇಳಿಸಿಕೊಳ್ಳುತ್ತೇನೆ. ಬೀಗವನ್ನು ಆಮೇಲೆ ನೋಡುತ್ತೇನೆ.